ರೇಡಿಯೋ ಭಾವನ ಹೆಡ್‌ಫೋನು

ಆ ಫೋನ್ ಅಂಗಡಿಯ ಹೆಂಗಸು ಬಾಯಲ್ಲಿ ಹೇಳಿದ್ದರೆ ಸಾಕಿತ್ತು. ಅವಳು ಬಿಲ್ಲಿನ ಹಿಂಭಾಗದಲ್ಲಿ, ಒಂದನೇ ತರಗತಿಯ ಮಕ್ಕಳಿಗೆ ಬರೆಯುವ ಹಾಗೆ ಒಂದೊಂದು ಅಕ್ಷರವನ್ನು ಬೆರಳುದ್ದ ಬರೆದು, ಆರು ಜನ ಗಿರಾಕಿಗಳ ಎದುರು ಎತ್ತಿ ಹಿಡಿದಳು. ‘ಫೋನಿಗೆ ಏನೂ ಆಗಿಲ್ಲ.’ ನಾನು ಓದಿದ್ದು ನಾಲ್ಕನೇ ತರಗತಿ, ನಿಜ. ಆದರೂ ಅಷ್ಟು ದೊಡ್ಡ ಅಕ್ಷರ ಬೇಕಿರಲಿಲ್ಲ. ನಮ್ಮ ಕಡೆ ತಿರುಗಿ ಸುಮ್ಮನೆ ತುಟಿ ಅಲ್ಲಾಡಿಸಿದ್ದರೂ ನಮಗೆ ಗೊತ್ತಾಗುತ್ತಿತ್ತು. ಇದಾಗಿ ಎರಡು ವರ್ಷವಾಯಿತು. ಆ ರಸ್ತೆಗೆ ಹೋದಾಗ ನಾನು ಇವತ್ತಿಗೂ ಎದುರು ಬದಿಯಲ್ಲೇ ನಡೆಯುತ್ತೇನೆ.

ಇರಲಿ. ಬರೆಯಲು ಕೂತದ್ದು ಭಾವನ ಬಗ್ಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ನನಗಿಂತ ಮೂರೇ ವರ್ಷ ದೊಡ್ಡವನು. ಭಾವ ಆಗುವುದಕ್ಕೆ ಮೊದಲು ಅವನು ನಾನು ರಿಪೇರಿ ಮಾಡುತ್ತಿದ್ದ ಮಗ್ಗದವನಾಗಿದ್ದ. ಹಾಗಾಗಿ ಏಕವಚನ ಮೊದಲೇ ಅಂಟಿಕೊಂಡಿತ್ತು, ಮದುವೆಯಾದ ಮೇಲೂ ಬಿಡಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಬಟ್ಟೆ ಮಿಲ್ಲಿಗೆ ಸೇರಿದವನು ಇಪ್ಪತ್ತಾರು ವರ್ಷ ಅಲ್ಲೇ ನಿಂತು ನೇಯ್ದ. ನಾನು ಅದೇ ಶೆಡ್ಡಿನಲ್ಲಿ ಮಗ್ಗ ರಿಪೇರಿಯವನು. ಲಾಳಿ ಹಾರಿ ಬಂದರೆ, ಬೆಲ್ಟು ಹರಿದರೆ, ನನ್ನನ್ನು ಕರೆಯುತ್ತಿದ್ದರು.

ಕರೆಯುತ್ತಿದ್ದರು ಎಂದರೆ ಕೂಗುತ್ತಿದ್ದರು ಎಂದಲ್ಲ. ನೂರಾ ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕೂಗಿ ಪ್ರಯೋಜನವಿಲ್ಲ. ಕಿವಿಗೆ ಬಾಯಿಟ್ಟು ಅರಚಿದರೂ ಕೇಳಿಸುವುದಿಲ್ಲ. ಹೊಸಬರು ಮೊದಲ ವಾರ ಅರಚುತ್ತಾರೆ. ಎರಡನೇ ವಾರ ಗಂಟಲು ಕಟ್ಟುತ್ತದೆ. ಮೂರನೇ ವಾರಕ್ಕೆ ನಮ್ಮ ಹಾಗಾಗುತ್ತಾರೆ. ಗಂಟಲನ್ನು ಪೂರ್ತಿ ಮುಚ್ಚಿ, ಬಾಯನ್ನು ಅಗಲ ತೆರೆದು, ಒಂದೊಂದು ಮಾತನ್ನೂ ತುಟಿಯಲ್ಲಿ ಕಡೆದು ತೋರಿಸುತ್ತಾರೆ. ಎದುರಿನವನು ಅದನ್ನು ಕಣ್ಣಲ್ಲಿ ಓದಿಕೊಳ್ಳುತ್ತಾನೆ. ನಲವತ್ತು ಮಗ್ಗದ ಆಚೆ ನಿಂತವನ ಜೊತೆಗೂ ಸಲೀಸಾಗಿ ಮಾತಾಡಬಹುದು. ಗುಟ್ಟು ಮಾತ್ರ ಹೇಳಲಾಗದು. ಶೆಡ್ಡೆಲ್ಲ ಓದಿಬಿಡುತ್ತದೆ.

ಇದರಲ್ಲಿ ಭಾವನನ್ನು ಮೀರಿಸಿದವರಿಲ್ಲ. ಅವನಿಗೆ ರೇಡಿಯೋ ಎಂದೇ ಹೆಸರು ಬಿದ್ದಿತ್ತು. ಬೆಳಿಗ್ಗೆ ಮಗ್ಗ ಶುರುವಾದ ಕೂಡಲೇ ಇವನ ಪ್ರಸಾರವೂ ಶುರು. ಯಜಮಾನರು ಹೊಸ ಕಾರು ತಗೊಂಡರು, ಬಣ್ಣ ಬದನೆಕಾಯಿ. ಲೆಕ್ಕದವನ ಹೆಂಡತಿ ತವರಿಗೆ ಹೋದಳು, ಅವನ ಅಂಗಿಗೆ ಇಸ್ತ್ರಿ ಇಲ್ಲ. ಶೆಡ್ಡಿನ ಆ ತುದಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆ ನಗುವೂ ಕೇಳಿಸುತ್ತಿರಲಿಲ್ಲ.

ಅಕ್ಕ ನೂಲು ಸುತ್ತುವ ವಿಭಾಗದಲ್ಲಿದ್ದಳು, ಗಾಜಿನ ಗೋಡೆಯ ಆಚೆ. ಅಲ್ಲಿ ಇಷ್ಟು ಸದ್ದಿರಲಿಲ್ಲ. ಇವನು ಗಾಜಿನ ಈಚೆಯಿಂದ ಅವಳ ಜೊತೆ ಮಾತು ಶುರುಮಾಡಿದ. ನಡುವೆ ನಾನು ಮಗ್ಗದ ಕೆಳಗೆ ಮಲಗಿಕೊಂಡು ಬೋಲ್ಟು ಬಿಗಿಯುತ್ತಿದ್ದೆ. ಒಂದು ದಿನ ಅವಳಿಗೆ ಹೇಳಿದ, “ನಿನ್ನ ತಮ್ಮನಿಗೆ ಸ್ವಲ್ಪ ಆ ಕಡೆ ತಿರುಗು ಅಂತ ಹೇಳು. ನಮ್ಮ ಮದುವೆ ಮಾತೆಲ್ಲ ಓದ್ಕೋತಿದಾನೆ.” ನಾನು ಸ್ಪ್ಯಾನರ್ ಎತ್ತಿಕೊಂಡು ಎದ್ದೆ. ಆಗಲೂ ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಮುಂದಿನ ವರ್ಷ ಮದುವೆಯಾಯಿತು. ಮಕ್ಕಳಾಗಲಿಲ್ಲ. ಇಬ್ಬರೂ ಅದರ ಬಗ್ಗೆ ಯಾರ ಹತ್ತಿರವೂ ಏನೂ ಹೇಳಲಿಲ್ಲ.

ಮಿಲ್ಲು ಮುಚ್ಚಿತು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ರಿಪೇರಿಗೆ ಕೂತೆ. ಭಾವ ಒಂದು ಪಾರ್ಸಲ್ ಗೋದಾಮಿನಲ್ಲಿ ಡಬ್ಬ ಜೋಡಿಸುವ ಕೆಲಸಕ್ಕೆ ಸೇರಿದ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಡಬ್ಬದ ಮೇಲಿನ ನಂಬರು ನೋಡಿದರೆ ಸಾಕು. ರೇಡಿಯೋ ನಿಂತುಹೋಯಿತು. ಅವನೊಬ್ಬನ ದುಡಿಮೆ ಸಾಲದೆ ಬಂದಾಗ, ಬಸ್ಸಿನಲ್ಲಿ ಐದು ಗಂಟೆ ದೂರದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಇದೆ, ಆರು ತಿಂಗಳ ಮಟ್ಟಿಗೆ ಎಂದು ಯಾರೋ ಹೇಳಿದರು. ಅಕ್ಕ ಹೊರಟಳು. ಅಲ್ಲಿ ಗಂಡಸರು ಇರುವ ಹಾಗಿಲ್ಲ. ಇವನು ಇಲ್ಲೇ ಉಳಿದ.

ಇಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೆ. ಅಕ್ಕ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಮೊದಮೊದಲು ಭಾವ ಅರ್ಧಂಬರ್ಧ ಕೇಳಿಸಿಕೊಂಡು, ಸರಿ, ಆಯ್ತು ಎಂದಷ್ಟೇ ಕಳಿಸುತ್ತಿದ್ದ. ವಿಡಿಯೋ ಕಾಲ್ ಮಾಡಿಯೂ ನೋಡಿದರು. ಹಾಸ್ಟೆಲಿನ ಹಿಂದೆ ಗುಡ್ಡ, ಸಿಗ್ನಲ್ ಸರಿ ಬರುವುದಿಲ್ಲ. ಅವಳ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು. “ತುಟಿ ಒಂದು ಕಡೆ, ಮಾತು ಒಂದು ಕಡೆ. ತಲೆ ತಿರುಗತ್ತೆ,” ಎಂದು ಭಾವ ಅದನ್ನು ಬಿಟ್ಟುಬಿಟ್ಟ.

ಅವಳು ಹೋದ ಐದನೇ ತಿಂಗಳು, ಎರಡನೇ ತಾರೀಕು, ಭಾವ ಫೋನು ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಕಿವಿಗೆ ಚುಚ್ಚುವ ಸಣ್ಣ ಹೆಡ್‌ಫೋನು ಕೊರಳಿಗೆ ಜೋತುಬಿದ್ದಿತ್ತು.

“ಇದರ ಸದ್ದು ಸತ್ತುಹೋಗಿದೆ ಕಣೋ. ನೋಡು.”

“ಜೋರು ಮಾಡಿದೀಯಾ?”

“ಗೀಟು ತುದಿ ಮುಟ್ಟಿದೆ. ಇನ್ನು ಮೇಲೆ ಹೋಗಲ್ಲ.”

“ಸ್ಪೀಕರಿಗೆ ಹಾಕು.”

“ಹಾಕಿದ್ದೆ. ಪಕ್ಕದ ಮನೆಯವರು ಕಿಟಕಿ ಮುಚ್ಕೊಂಡ್ರು. ನನಗೆ ಬರೀ ಗೊಣಗೊಣ. ಎಂಥ ಫೋನು ಕೊಟ್ಟಿದಾಳೆ ನೋಡು ಆ ಅಂಗಡಿಯವಳು. ಓಣಿಗೆಲ್ಲ ಕೇಳ್ಸತ್ತೆ, ಕೊಂಡವನಿಗೆ ಕೇಳ್ಸಲ್ಲ.”

ಇಬ್ಬರೂ ನಕ್ಕೆವು. ಇಡೀ ವಿಷಯ ಆ ಮಾತಿನಲ್ಲೇ ಇತ್ತು. ನಮಗೆ ಬಂದದ್ದು ನಗು.

ಪರೀಕ್ಷೆ ಮಾಡಲು ಅಕ್ಕನ ಮಾತನ್ನು ಹಾಕಿ ಕೊಡಲಿಲ್ಲ. ಗಂಡ ಹೆಂಡತಿಯದು ಅಲ್ಲವೇ. ಯಾರದೋ ಭಾಷಣ ಹಾಕಿ ನನ್ನ ಕಿವಿಗೆ ಚುಚ್ಚಿದ. ದಪ್ಪ ರಜಾಯಿ ಹೊದ್ದು ಮಲಗಿದವನು ಒಳಗಿಂದ ಮಾತಾಡಿದ ಹಾಗಿತ್ತು. “ಹೌದು, ಸತ್ತಿದೆ,” ಎಂದೆ. ರಿಪೇರಿಯವನ ಗತ್ತಿನಲ್ಲೇ ಹೇಳಿದೆ. ಇಪ್ಪತ್ನಾಲ್ಕು ವರ್ಷ ಅದೇ ಶೆಡ್ಡಿನಲ್ಲಿ ಅದೇ ಮಗ್ಗಗಳ ಕೆಳಗೆ ಮಲಗಿದ ಕಿವಿ ನನ್ನದು. ಆ ಕಿವಿಯಿಂದ ಅವನ ಕಿವಿಯನ್ನು ಅಳೆದೆ. ಎರಡೂ ಸಮ ಬಂತು. ತಪ್ಪು ಫೋನಿನದೇ ಎಂದು ತೀರ್ಮಾನವಾಯಿತು.

ನನ್ನ ಹೆಂಡತಿ ಒಳಗಿನಿಂದ ಬಂದು ಎದುರು ನಿಂತಳು. “ನಿಮ್ಮ ಕಿವಿಯೊಳಗೆ ಆಡ್ತಿರೋ ಭಾಷಣ ನನಗೆ ಅಡುಗೆಮನೆಗೆ ಕೇಳ್ತಿದೆ. ಸತ್ತಿರೋದು ಫೋನಲ್ಲ.”

“ನಿನಗೆ ಮೆಷಿನ್ ಗೊತ್ತಾ?”

“ಮೆಷಿನ್ ಗೊತ್ತಿಲ್ಲ, ನೀವು ಗೊತ್ತು. ಆ ಅತ್ತಿಗೆ ಏನು ಕಳಿಸಿದಾರೋ, ನನ್ನ ಕೈಗೆ ಕೊಡಿ, ಕೇಳಿ ಹೇಳ್ತೀನಿ.”

ನಾನು ಸ್ಕ್ರೂಡ್ರೈವರಿನ ಡಬ್ಬ ಎತ್ತಿ ಎಸೆದೆ. ಅವಳಿಗಲ್ಲ, ಗೋಡೆಗೆ. ಅವಳು ಒಳಗೆ ಹೋದಳು. ಭಾವ ಬಗ್ಗಿ ಒಂದೊಂದೇ ಸ್ಕ್ರೂ ಆರಿಸಿಕೊಟ್ಟ.

ಮೊದಲ ವಾರ ಹೆಡ್‌ಫೋನಿನ ಜಾಲರಿಯನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಗುಗ್ಗೆ ಬಂತು, ಗೋದಾಮಿನ ದೂಳು ಬಂತು. ಸದ್ದು ಬರಲಿಲ್ಲ. ಆಮೇಲೆ ಫೋನಿನ ಸೆಟ್ಟಿಂಗಿನಲ್ಲಿ ಸದ್ದಿಗೆ ಒಂದು ಮಿತಿ ಹಾಕಿರುತ್ತಾರೆ ಎಂದು ಯಾರೋ ಹೇಳಿದರು. ಅದನ್ನು ಹುಡುಕಿ ತೆಗೆದೆ. ತೆಗೆಯುವಾಗ ಫೋನು ಹಳದಿ ಗುರುತು ಹಾಕಿ ಏನೋ ಬರೆದು ತೋರಿಸಿತು. ಮೂರು ಸಾಲಿತ್ತು. ಅಷ್ಟುದ್ದ ಓದುವ ತಾಳ್ಮೆ ನನಗಿಲ್ಲ. ‘ಸರಿ’ ಒತ್ತಿದೆ. ಮತ್ತೆ ಜೋರು ಮಾಡಿದಾಗ ಮತ್ತೆ ತೋರಿಸಿತು. ಮತ್ತೆ ಒತ್ತಿದೆ.

ಎರಡನೇ ವಾರ ಇನ್ನೊಂದು ಸಿಕ್ಕಿತು. ಐದು ಕಡ್ಡಿ ನಿಂತಿರುತ್ತವೆ, ದಪ್ಪ ಸದ್ದಿಗೆ ಒಂದು, ತೆಳು ಸದ್ದಿಗೆ ಒಂದು, ಹೀಗೆ. ಐದನ್ನೂ ತುದಿಗೆ ಎಳೆದೆ. ಸದ್ದನ್ನು ಎರಡುಪಟ್ಟು ಮಾಡುವ ಒಂದು ಆ್ಯಪನ್ನೂ ಇಳಿಸಿದೆವು. ಪರೀಕ್ಷೆ ಪ್ರತಿ ಸಲವೂ ಅದೇ. ಅವನ ಕಿವಿಗೆ ಒಂದು, ನನ್ನ ಕಿವಿಗೆ ಒಂದು ಚುಚ್ಚಿಕೊಂಡು, ಮುಖ ಮುಖ ನೋಡಿಕೊಂಡು ಕೂರುತ್ತಿದ್ದೆವು.

“ಬಂತಾ?”

“ಸ್ವಲ್ಪ.”

“ನನಗೂ ಸ್ವಲ್ಪ.”

ಮೂರನೇ ವಾರ ಭಾವ ಕಿವಿ ಪೂರ್ತಿ ಮುಚ್ಚುವ, ಪಾತ್ರೆಯ ಮುಚ್ಚಳದಂಥ ದೊಡ್ಡ ಹೆಡ್‌ಫೋನು ಕೊಂಡು ತಂದ. ನನ್ನ ಎದುರೇ ಹಾಕಿಕೊಂಡು ಅಕ್ಕನ ಮಾತು ಕೇಳಿದ. ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ತೆಗೆದ.

“ಅವಳೇ ಅಂತ ಗೊತ್ತಾಗತ್ತೆ. ಏನಂತಾಳೆ ಅಂತ ಗೊತ್ತಾಗಲ್ಲ.”

“ಬೈತಿದಾಳಾ?”

“ಬೈಗುಳ ಆದ್ರೆ ನನಗೆ ಗೊತ್ತಾಗದೆ ಇರತ್ತಾ? ಇದು ಏನೋ ಕೇಳ್ತಿರೋ ಹಾಗಿದೆ. ಕೊನೇಲಿ ಮೇಲಕ್ಕೆ ಹೋಗತ್ತೆ.”

“ಮತ್ತೆ ನೀನೇನು ಉತ್ತರ ಕೊಟ್ಟೆ?”

ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. “ಮಾತಾಡಿ ಕಳಿಸಿದೀನಿ. ಒಂದು ಹತ್ತು ಸಲ ಕಳಿಸಿದೀನಿ. ಅವಳು ಏನೇ ಕೇಳಿರ್ಲಿ, ನನ್ನದು ಇಷ್ಟೇ, ಆರು ತಿಂಗಳು ಮುಗಿದ ದಿನ ಹೊರಟು ಬಾ ಅಂತ. ಮನೇಲಿ ಒಬ್ನೇ ಇರಕ್ಕೆ ಆಗ್ತಿಲ್ಲ ಅಂತ. ಇನ್ನೇನು ಹೇಳೋದು?”

ಗಂಡಸು ಅಷ್ಟು ಹೇಳಿದ ಮೇಲೆ ಎದುರಿನವನಿಗೆ ಏನು ಮಾಡಬೇಕು ಎಂದು ತೋಚುವುದಿಲ್ಲ. ನನಗೆ ತೋಚಿದ್ದು ಅಂಗಡಿಯವಳ ಜೊತೆ ಜಗಳ. “ಏಳು, ಹೋಗೋಣ,” ಎಂದೆ. ಅವತ್ತು ಇಪ್ಪತ್ಮೂರನೇ ತಾರೀಕು.

ಅಂಗಡಿಗೆ ಹೋದವನೇ ಫೋನನ್ನು ಗಾಜಿನ ಮೇಲೆ ಇಟ್ಟು ಬೈಯಲು ಶುರುಮಾಡಿದೆ. ನಾನು ಎಷ್ಟು ಜೋರಾಗಿ ಬೈಯುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗಿರಾಕಿಗಳು ಹಿಂದೆ ಸರಿದಾಗ ಅಂದಾಜಾಯಿತು. ಅವಳು ದೊಡ್ಡ ಹೆಡ್‌ಫೋನು ತೆಗೆದುಕೊಂಡು ತಲೆಗೆ ಹಾಕಿ, ಒತ್ತಿದಳು. ಮರುಗಳಿಗೆ ಅದನ್ನು ಕಿತ್ತೆಸೆದಳು. ಎರಡೂ ಕಿವಿ ಮುಚ್ಚಿಕೊಂಡು ಗಾಜಿನ ಮೇಲೆ ಬಗ್ಗಿದಳು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು. ಆಮೇಲೆ ಬಿಲ್ಲು ತಿರುಗಿಸಿ ಬರೆದಳು. ಅದನ್ನು ಮೊದಲೇ ಹೇಳಿದ್ದೇನೆ.

ನಾನು ಆ ಕಾಗದ ನೋಡಿದೆ. ಭಾವ ನೋಡಿದ. ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ಬೇರೆಯವರಾಗಿದ್ದರೆ ಹೊರಟುಬಿಡುತ್ತಿದ್ದರು. ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತ. ಗಿರಾಕಿಗಳು ಕರಗುವ ತನಕ ಕಾದ. ಆಮೇಲೆ ಫೋನನ್ನು ಅವಳ ಕಡೆ ಸರಿಸಿ, “ಕೇಳಿ ಹೇಳಮ್ಮ. ನನ್ನ ಹೆಂಡತಿ ಮಾತು,” ಎಂದ. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ, ಅಷ್ಟು ಜೋರಾಗಿ ಹೇಳಿದನೇನೋ.

ಅವಳು ಸದ್ದು ತೀರ ಇಳಿಸಿ ಕೇಳಿದಳು. ನಡುನಡುವೆ ನಿಲ್ಲಿಸಿ ನಮ್ಮ ಕಡೆ ತಿರುಗಿ, ನಿಧಾನವಾಗಿ ತುಟಿ ಬಿಡಿಸಿ ಹೇಳಿದಳು. ನೇಯ್ಗೆಯವರ ಹಾಗೆ ಅಲ್ಲ, ಆದರೂ ಓದಬಹುದಿತ್ತು.

“ಇದು ಒಂದನೇ ತಾರೀಕಿಂದು. ‘ಇಲ್ಲಿ ದೊಡ್ಡ ಅಡುಗೆಯವರು ಬಿಟ್ಟು ಹೋಗ್ತಿದಾರೆ. ನನ್ನನ್ನ ಖಾಯಂ ಮಾಡ್ತಾರಂತೆ. ಐದು ವರ್ಷಕ್ಕೆ ಸಹಿ ಹಾಕ್ಬೇಕು. ಇಪ್ಪತ್ತನೇ ತಾರೀಕಿನೊಳಗೆ ಹೇಳ್ಬೇಕು. ನೀವು ಬೇಡ ಅಂದ್ರೆ ನಾನು ಬಂದ್ಬಿಡ್ತೀನಿ. ಏನ್ಮಾಡ್ಲಿ?’”

ಭಾವ ಅವಳ ಬಾಯಿಯನ್ನೇ ನೋಡುತ್ತಿದ್ದ.

“ಇದು ಹನ್ನೊಂದನೇ ತಾರೀಕು. ‘ರೀ, ನಿಮ್ಮದು ಬಂತು, ಆದ್ರೆ ಮಾತಿಲ್ಲ. ಇನ್ನೊಂದ್ಸಲ ಕಳ್ಸಿ.’ ಇದು ಹತ್ತೊಂಬತ್ತು. ‘ಹನ್ನೊಂದು ಸಲ ಕಳ್ಸಿದೀರ. ಹನ್ನೊಂದರಲ್ಲೂ ಮಾತಿಲ್ಲ. ಕೋಪ ಇದ್ರೆ ಬಾಯ್ಬಿಟ್ಟು ಬೈರಿ. ಖಾಲಿ ಕಳ್ಸೋದೇ ನಿಮ್ಮ ಉತ್ತರ ಅಂದ್ಕೊಳ್ಳಾ?’ ಇದು ಕೊನೇದು, ಇಪ್ಪತ್ತು, ಸಂಜೆ. ‘ಸಹಿ ಹಾಕ್ದೆ.’ ಅಷ್ಟೇ ಇದೆ.”

“ಖಾಲಿ ಹೇಗಾಗತ್ತೆ?” ಎಂದ ಭಾವ. “ನಾನು ಕಳಿಸಿದ್ದು ಹಾಕಿ ನೋಡು. ಎರಡು ನಿಮಿಷದ್ದು ಒಂದಿದೆ.”

ಅವಳು ಹಾಕಿದಳು. ಎರಡು ನಿಮಿಷ ಪೂರ್ತಿ ಕೇಳಿದಳು. “ಫ್ಯಾನ್ ತಿರುಗೋ ಸದ್ದಿದೆ. ಒಂದ್ಸಲ ಉಸಿರು ಬಿಟ್ಟಿದೀರ.”

ನಾನು ಹೇಳಿದೆ, “ಹೇಗೆ ಕಳಿಸಿದೆ, ಇಲ್ಲಿ ಮಾಡಿ ತೋರ್ಸು.”

ಭಾವ ಫೋನು ಮುಖದ ಎದುರು ಹಿಡಿದ. ಬೆನ್ನು ನೆಟ್ಟಗೆ ಮಾಡಿಕೊಂಡ. ಬಾಯಿ ಅಗಲ ತೆರೆದ. ನೀನಿಲ್ಲದೆ ಮನೆ ಮನೆ ಹಾಗಿಲ್ಲ, ಬೆಳಿಗ್ಗೆ ಎದ್ದು ಯಾರ ಮುಖ ನೋಡಬೇಕೋ ಗೊತ್ತಾಗಲ್ಲ, ದುಡ್ಡು ಹಾಳಾಗಲಿ, ಹೊರಟು ಬಾ. ಒಂದೊಂದು ಮಾತೂ ನನಗೆ ಅಚ್ಚು ಹೊಡೆದ ಹಾಗೆ ಕಂಡಿತು. ಶೆಡ್ಡಿನ ಕೊನೆಯ ಮಗ್ಗದವನಿಗೂ ಕಾಣಬೇಕು, ಹಾಗೆ ಹೇಳಿದ. ಅಂಗಡಿಯವಳು ಇವನನ್ನೂ ನೋಡಿದಳು, ನನ್ನನ್ನೂ ನೋಡಿದಳು. ನನ್ನ ಕಡೆ ತಿರುಗಿ ಸದ್ದೇ ಇಲ್ಲ ಎಂದು ತಲೆ ಆಡಿಸಿದಳು.

ಮನಸ್ಸಿನಿಂದ ಏನಾದರೂ ಹೇಳಬೇಕಾದರೆ ಅವನ ಗಂಟಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಇಪ್ಪತ್ತಾರು ವರ್ಷದ ಅಭ್ಯಾಸ. ಕಣ್ಣೆದುರು ಮುಖ ಇದ್ದಷ್ಟು ದಿನ ಅದರಿಂದ ಏನೂ ತೊಂದರೆಯಾಗಿರಲಿಲ್ಲ.

ಅಂಗಡಿಯವಳು ಅಕ್ಕನಿಗೆ ಫೋನು ಮಾಡಿ ಕೊಡಲೇ ಎಂದಳು. ಭಾವ ಬೇಡ ಎಂದ. “ಸಹಿ ಆಗಿದೆಯಲ್ಲ,” ಎಂದ. ಫೋನು ಜೇಬಿಗೆ ಹಾಕಿಕೊಂಡು, ಹೆಡ್‌ಫೋನು ಅಲ್ಲೇ ಬಿಟ್ಟು ಇಳಿದ. ದಾರಿಯಲ್ಲಿ ಒಂದು ಕಡೆ ನಿಂತು ಚಪ್ಪಲಿಯ ಉಂಗುಟ ಸರಿಮಾಡಿಕೊಂಡ. ಮತ್ತೆ ನಡೆದ. ನನಗೆ ಯಾರನ್ನಾದರೂ ಬೈಯಬೇಕು ಅನ್ನಿಸಿತು. ಯಾರನ್ನು ಎಂದು ಹೊಳೆಯದೆ ಅದೂ ಆರಿಹೋಯಿತು.

ಭಾನುವಾರ ನಾನೇ ಅವನನ್ನು ಬಸ್ಸು ಹತ್ತಿಸಿಕೊಂಡು ಹೊರಟೆ. ಹಾಸ್ಟೆಲಿನ ಹಿಂಬಾಗಿಲಿನ ತನಕ ಗಂಡಸರನ್ನು ಬಿಡುತ್ತಾರೆ. ಅಲ್ಲಿ ಒಂದು ಕಲ್ಲುಬೆಂಚು, ನಲ್ಲಿ, ತರಕಾರಿ ಮೂಟೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನಮ್ಮಿಬ್ಬರನ್ನೂ ನೋಡಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ಊಟ ಆಯ್ತಾ?” ಎಂದಳು.

ನಾನು ಅಂಗಡಿಯಲ್ಲಿ ಆದದ್ದನ್ನೆಲ್ಲ ಹೇಳಿದೆ. ಕಿವಿಯ ವಿಷಯ, ಖಾಲಿ ಹೋದ ಮಾತಿನ ವಿಷಯ. ಅವಳು ಈರುಳ್ಳಿ ಬುಟ್ಟಿ ಎಳೆದುಕೊಂಡು ಬಿಡಿಸುತ್ತ ಕೇಳಿದಳು. ಭಾವ ಅವಳ ಎದುರು ಕುಕ್ಕರಗಾಲಲ್ಲಿ ಕೂತು ತಾನೂ ಒಂದು ಈರುಳ್ಳಿ ತಗೊಂಡ. ಅವಳು ಕೈ ನಿಲ್ಲಿಸಿ, ಅವನ ಗಲ್ಲ ಹಿಡಿದು ಮುಖ ಎತ್ತಿ, ತುಟಿಯಲ್ಲೇ ಕೇಳಿದಳು, “ಏನಂತ ಕಳ್ಸಿದ್ರಿ?” ಅವನು ತುಟಿಯಲ್ಲೇ ಹೇಳಿದ. ನಾನು ಆ ಕಡೆ ತಿರುಗಿಕೊಂಡೆ.

ತಿರುಗಿ ನೋಡಿದಾಗ ಅವಳು ಮತ್ತೆ ಈರುಳ್ಳಿ ಬಿಡಿಸುತ್ತಿದ್ದಳು. “ಈಗ ಬಿಟ್ಟು ಬರಕ್ಕಾಗಲ್ಲ. ಹಾಸ್ಟೆಲಿನವರು ಬಿಡಲ್ಲ,” ಎಂದಳು. ಸಿಪ್ಪೆ ಬದಿಗೆ ಸರಿಸಿ ನನ್ನನ್ನು ಕೇಳಿದಳು, “ನೀನು ಮೆಷಿನ್ನಿನವನಲ್ಲವೇನೋ. ಇವರು ನಿನಗಾದ್ರೂ ಮೊದಲೇ ತಂದು ತೋರ್ಸಬಾರದಿತ್ತಾ? ನಿನ್ನ ಹೆಂಡ್ತಿ ಕೇಳಿ ಹೇಳಿದ್ರೂ ಆಗ್ತಿತ್ತು. ಹತ್ತೊಂಬತ್ತು ದಿನ ಇತ್ತು.”

“ನನಗೆಲ್ಲಿ ತೋರ್ಸಿದ, ಅಕ್ಕ,” ಎಂದೆ. “ಮೊನ್ನೆ ಇಪ್ಪತ್ಮೂರಕ್ಕೆ ತಂದ. ತಂದ ದಿನವೇ ಅಂಗಡಿಗೆ ಕರ್ಕೊಂಡು ಹೋದೆ.”

ಯಾಕೆ ಹಾಗೆ ಹೇಳಿದೆನೋ. ಬಾಯಿಗೆ ಬಂತು. ಹೇಳುವಾಗ ಮೆಲ್ಲಗೆ ಹೇಳಿದ್ದೆ, ಅವನಿಗೆ ಕೇಳಿಸದ ಹಾಗೆ. ಕೇಳಿಸುವುದಕ್ಕೂ ಅವನಿಗೂ ಸಂಬಂಧವಿಲ್ಲ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತೇಹೋಗಿತ್ತು. ಭಾವ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಅಕ್ಕ ಅವನ ಕಡೆ ತಿರುಗಿದಳು. “ಮೂರು ವಾರ ಜೇಬಲ್ಲಿ ಇಟ್ಕೊಂಡು ಕೂತಿದ್ರಾ?”

ಭಾವ ಈರುಳ್ಳಿಯ ಒಂದು ಪದರ ಸುಲಿದ. ಇನ್ನೊಂದು ಸುಲಿದ.

“ಹೂಂ,” ಎಂದ. ಅದನ್ನು ಗಂಟಲಿನಿಂದಲೇ ಹೇಳಿದ.

ಅವಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಸಾಯಂಕಾಲದ ಬಸ್ಸಿಗೆ ನಾವು ಹೊರಟೆವು. ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದ. ಇಲ್ಲವೇ ಕಣ್ಣು ಮುಚ್ಚಿಕೊಂಡಿದ್ದ.

ಈಗ ಅವನು ತಿಂಗಳಿಗೆರಡು ಭಾನುವಾರ ಅಲ್ಲಿಗೆ ಹೋಗಿಬರುತ್ತಾನೆ. ಹಿಂಬಾಗಿಲಲ್ಲಿ ಕೂತು ತರಕಾರಿ ಬಿಡಿಸಿಕೊಟ್ಟು ಬರುತ್ತಾನಂತೆ. ಹೋದ ತಿಂಗಳು ಅಕ್ಕ ಫೋನಿನಲ್ಲಿ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ, “ಮನುಷ್ಯ ಒಳ್ಳೆಯವರೇ. ಆದ್ರೆ ಆ ಮೂರು ವಾರ ಮಾತ್ರ ನನಗೆ ನುಂಗಕ್ಕಾಗ್ತಿಲ್ಲ.” ನನ್ನ ಹೆಂಡತಿ ಅದನ್ನು ನನ್ನ ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಸ್ಕ್ರೂ ಡಬ್ಬ ಎಸೆದ ದಿನ ಅವಳು ಅಲ್ಲೇ ಇದ್ದಳು. ಅಷ್ಟು ಹೇಳಿ ಒಳಗೆ ಹೋದಳು.

ಭಾವ ಗೋದಾಮಿನಿಂದ ಮನೆಗೆ ಹೋಗುವಾಗ ನನ್ನ ಕೋಣೆಯ ಮುಂದೆಯೇ ಹೋಗಬೇಕು. ನಿಲ್ಲುತ್ತಾನೆ. ಯಾವ ಮೆಷಿನ್ ಬಂದಿದೆ, ಸೂಜಿ ಮುರಿದಿದೆಯೋ, ಬೆಲ್ಟೋ ಎಂದು ಕೇಳುತ್ತಾನೆ. ಆ ಭಾನುವಾರದ ಮಾತು ಒಂದು ಸಲವೂ ಎತ್ತಿಲ್ಲ. ನನ್ನ ಸುಳ್ಳನ್ನು ಅವನು ಹೊಟ್ಟೆಗೆ ಹಾಕಿಕೊಂಡದ್ದು ಹಾಗೇ ಇದೆ. ನಾನು ಅಕ್ಕನಿಗೆ ನಿಜವನ್ನು ಇನ್ನೂ ಹೇಳಿಲ್ಲ.